ಚಂದ್ರಿಯ ಮುಂಗಾಲು

ಬೇವಿನ ಸೊಪ್ಪು ಕುದಿಯುವ ಕಹಿ ವಾಸನೆ ಎಲ್ಲಿಂದ ತೇಲಿಬಂದರೂ ನನಗೆ ಮೂಡಲಪಾಳ್ಯದ ನಮ್ಮ ಮನೆಯ ಹಿತ್ತಲೇ ಕಣ್ಣಮುಂದೆ ಬರುತ್ತದೆ. ಐವತ್ತರ ದಶಕದಲ್ಲಿ ಅದಿನ್ನೂ ಹಳ್ಳಿ. ಸುತ್ತ ರಾಗಿ ಹೊಲ, ಮಾಗಡಿ ರಸ್ತೆಗೆ ಹೋಗಿ ಸೇರುವ ಕೆಂಪು ಮಣ್ಣಿನ ದಾರಿ. ಆ ದಾರಿಯಲ್ಲಿ ಅಪ್ಪ ಜಟಕಾ ಓಡಿಸುತ್ತಿದ್ದರು. ಅದನ್ನು ಎಳೆಯುತ್ತಿದ್ದ ಕಂದು ಹೆಣ್ಣುಕುದುರೆಯ ಹೆಸರು ಚಂದ್ರಿ. ಚಂದ್ರಿಯ ಕಾಲು ಕೆಟ್ಟ ವರ್ಷವೇ ಅಪ್ಪನ ತಂಗಿ ಪುಟ್ಟತಾಯಿ ಅತ್ತೆ ನಮ್ಮ ಮನೆಗೆ ಬಂದಳು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಒಂದು ಬಟ್ಟೆಗಂಟಿನೊಡನೆ ಕಳಿಸಿಬಿಟ್ಟಿದ್ದರು. ನಡುಮನೆಯ ಕಂಬಕ್ಕೆ ಒರಗಿ ಕೂತರೆ ಕೂತಳೇ. ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿರಲಿಲ್ಲ. ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ನನಗೇ ಹಾಕುತ್ತಿದ್ದಳು.

ಒಂದು ಸಂಜೆ ಚಂದ್ರಿ ಕುಂಟುತ್ತಾ ಬಂದಳು. ಬೆಳಗಾಗುವಷ್ಟರಲ್ಲಿ ಬಲಮುಂಗಾಲನ್ನು ನೆಲಕ್ಕೇ ಊರುತ್ತಿರಲಿಲ್ಲ. ನಾನು ಮುಟ್ಟಿ ನೋಡಿದೆ, ಗೊರಸು ಕಾದ ಕಲ್ಲಿನ ಹಾಗಿತ್ತು. ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದು, ಲಾಳ ಬಿಚ್ಚಿಸಿ, ಅಂಗಾಲನ್ನು ಮೆಲ್ಲಗೆ ಕೆರೆದರು. ತುಕ್ಕು ಹಿಡಿದ ಮೊಳೆಯ ಚೂರಿನ ಹಿಂದೆಯೇ ಕಪ್ಪು ಕೀವು ಸುರಿಯಿತು. ಸೂಜಿ ಹಾಕಿ ಅವರು ಹೇಳಿದರು: "ಮೂಳೆಗೆ ಇಳಿದಿಲ್ಲ, ಮೆತ್ತನೆ ಮಾಂಸದಲ್ಲೇ ನಿಂತಿದೆ. ಎರಡು ಹೊತ್ತೂ ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡಿಸಿ, ಒರೆಸಿ ಬಟ್ಟೆ ಕಟ್ಟಿ. ಕೊಳಕು ತಾಕಬಾರದು. ವಾಸಿಯಾಗಬಹುದು, ಆದರೆ ನಿಧಾನ."

ಡಾಕ್ಟರು ಹೋದ ಮೇಲೆ ಅಪ್ಪ ಜಗಲಿಯ ಮೇಲೆ ಕುಸಿದು ಕೂತರು. "ಇದ್ರ ಕಾಲು ಹಿಡ್ಕೊಂಡು ಯಾರು ಕೂರ್ತಾರೆ? ಯಾರಾದ್ರೂ ಕೇಳಿದ್ರೆ ಕೊಟ್ಬುಡೋಣ."

ಒಳಗಿನಿಂದ ಅತ್ತೆ ಎದ್ದು ಬಂದಳು. "ಕುಂಟ್ತಾಳೆ ಅಂತ ಮನೆಯಿಂದ ಕಳಿಸ್ಬುಡ್ತೀಯೇನಣ್ಣ?"

ಅಪ್ಪ ಅವಳ ಮುಖ ನೋಡಿದರು, ತಲೆ ತಗ್ಗಿಸಿದರು. ಮತ್ತೆ ಆ ಮಾತೆತ್ತಲಿಲ್ಲ.

ಅಂದಿನಿಂದ ಅತ್ತೆ ಲಾಯದಲ್ಲೇ ಇರುತ್ತಿದ್ದಳು. ಹಂಡೆಯಲ್ಲಿ ನೀರು ಕಾಯಿಸಿ, ಉಪ್ಪಿನ ಜೊತೆ ತನ್ನದೇ ನಂಬಿಕೆಗೆ ಬೇವಿನ ಸೊಪ್ಪನ್ನೂ ಹಾಕುತ್ತಿದ್ದಳು. ಮೊದಮೊದಲು ಚಂದ್ರಿ ಬಕೆಟ್ಟನ್ನು ಒದ್ದು ಉರುಳಿಸಿದಳು. ಅತ್ತೆ ಸೀರೆ ಹಿಂಡಿಕೊಂಡು ಮತ್ತೆ ನೀರು ತಂದಳು. "ನೋವ್ತದೆ ಕಣವ್ವ, ನಂಗೊತ್ತಿಲ್ವಾ," ಎನ್ನುತ್ತಾ ಅದರ ಕುತ್ತಿಗೆ ಸವರುತ್ತಿದ್ದಳು. ನಮಗಾರಿಗೂ ಹೇಳದ ಮಾತುಗಳನ್ನೆಲ್ಲ ಅದರ ಕಿವಿಗೆ ಹೇಳಿದಳು. ನಡುವೆ ಒಮ್ಮೆ ಕಾಲು ಮತ್ತೆ ಊದಿಕೊಂಡು ಡಾಕ್ಟರು ಇನ್ನೊಮ್ಮೆ ಕೀವು ತೆಗೆಯಬೇಕಾಯಿತು. ಅವತ್ತು ಅತ್ತೆ ಊಟ ಮಾಡಲಿಲ್ಲ. ಅವರೆಕಾಯಿ ಕಾಲ ಬರುವ ಹೊತ್ತಿಗೆ, ಬಿಸಿಲು ಕಾಯಿಸಲು ಹಿತ್ತಲಿಗೆ ಬಿಟ್ಟಿದ್ದ ಚಂದ್ರಿ ನಾಲ್ಕೂ ಕಾಲೂರಿ ಮೈ ಕೊಡವಿದಳು. ಅತ್ತೆ ನನ್ನನ್ನು ಎತ್ತಿಕೊಂಡು ನಗುತ್ತಲೇ ಅತ್ತಳು.

ಮುಂದಿನ ವರ್ಷ ಗಂಡನ ಮನೆಯವರು ಕರೆಯಲು ಬಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು, "ನಂಗೆ ಇಲ್ಲಿ ಕೆಲ್ಸ ಐತೆ," ಎಂದು ಕಳಿಸಿಕೊಟ್ಟಳು. ಅಪ್ಪ ಜ್ವರದಿಂದ ಮಲಗಿದಾಗ ಜಟಕಾ ಹೊಡೆದದ್ದೂ ಅವಳೇ. ಊರಿನವರು ಮೊದಲು ನಕ್ಕರು, ಆಮೇಲೆ ಹತ್ತಿ ಕೂತರು.

ಆ ಲಾಯವಿದ್ದಲ್ಲಿ ಈಗ ಯಾರದೋ ಮೂರಂತಸ್ತಿನ ಮನೆ. ಅತ್ತೆ ಹೋಗಿಯೂ ಎಷ್ಟೋ ಕಾಲವಾಯಿತು. ಆದರೂ ಮಾಗಡಿ ರಸ್ತೆಯ ದಟ್ಟಣೆಯಲ್ಲಿ ಆಟೋ ನಿಂತಾಗ ಒಮ್ಮೊಮ್ಮೆ ಅವಳು ಕಾಣುತ್ತಾಳೆ: ತಲೆಯ ಮೇಲಿನ ಸೆರಗು ಗಾಳಿಗೆ ಜಾರಿದೆ, ಲಗಾಮು ಕೈಯಲ್ಲಿದೆ, ಬೆನ್ನು ನೆಟ್ಟಗಿದೆ; ತಿರುಗಿ ನನಗೆ ಹೇಳುತ್ತಿದ್ದಾಳೆ, "ಗಟ್ಟಿಯಾಗಿ ಹಿಡ್ಕೋ ಕಣೇ, ಇಳಿಜಾರು ಬತ್ತು."