ಮಸರಕಲ್ಲಿನ ಫ್ರೀ ಟಿಕೆಟ್

ದೇವದುರ್ಗದಿಂದ ರಾಯಚೂರಿಗೆ ಹೋಗುವ ಸಂಜೆ ಐದರ ಬಸ್ಸಿನ ಕಂಡಕ್ಟರ್ ಜಂಬಣ್ಣನನ್ನು ಆರು ವರ್ಷದಿಂದ ಬಲ್ಲೆ. ದೇವದುರ್ಗದ ಕಚೇರಿಯೊಂದರಲ್ಲಿ ನನ್ನ ನೌಕರಿ, ಮನೆ ರಾಯಚೂರು. ಮೊದಲು ಅವನ ಕೈಯಲ್ಲಿ ಗುಂಡಿಯ ಟಿಕೆಟ್ ಮಷಿನ್ ಇತ್ತು. ಬೆರಳು ತಾನೇ ತಡವಿ ಒತ್ತುತ್ತಿತ್ತು, ಕಣ್ಣೆಲ್ಲ ಜನರ ಮುಖದ ಮೇಲೆ. ಯಾರ ಮಗಳು ಬಸುರಿ, ಯಾರ ಗಂಡ ಮುನಿಸಿಕೊಂಡಿದ್ದಾನೆ, ಎಲ್ಲ ಅವನಿಗೆ ಗೊತ್ತು. ಊರ ಉಸಾಬರಿ ನಿನಗೇಕೆ ಎಂದು ನಾನೇ ಎಷ್ಟೋ ಸಲ ಬೈದಿದ್ದೆ.

ಆಮೇಲೆ ಗಾಜಿನ ಪರದೆಯ ಹೊಸ ಮಷಿನ್ ಬಂತು. ಅದರಲ್ಲಿ ತಡವಲು ಗುಂಡಿಯೇ ಇಲ್ಲ. ಪರದೆಯಿಂದ ಕಣ್ಣು ತೆಗೆದರೆ ಒಂದೂರಿನ ಬದಲು ಇನ್ನೊಂದೂರಿನ ಟಿಕೆಟ್ ಬರುತ್ತದೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕಾಲಿಡಲು ಜಾಗವಿಲ್ಲ. ಆಧಾರ್ ಕಾರ್ಡು ಎತ್ತಿದ ಕೈ ಕಂಡರೆ ಸಾಕು, ಟಿಕೆಟ್ ಒತ್ತುತ್ತಾನೆ. ಹೆಸರು ಓದಲು, ಮುಖ ನೋಡಲು ಎಲ್ಲಿಯ ಬಿಡುವು?

ಅವನಿಗೆ ಒಬ್ಬಳೇ ಅಕ್ಕ, ಬಂಡೆಮ್ಮ. ಕೊಟ್ಟದ್ದು ಮಸರಕಲ್ಲಿಗೆ. ಏಳು ವರ್ಷದ ಹಿಂದೆ ತಾಯಿ ತೀರಿದಾಗ, ಅಕ್ಕ ಬರುವ ತನಕ ಕಾಯದೆ ಇವನು ಮಣ್ಣು ಮಾಡಿಬಿಟ್ಟಿದ್ದ. ತಾಯಿಯ ಕಡೆಯ ಮುಖ ಕಾಣದ ಅಕ್ಕ ಅಂದೇ ತವರಿನ ಹೊಸ್ತಿಲು ಬಿಟ್ಟಳು. ಪಂಚಮಿಗೆ ಕರೆಯಲು ಹೋದರೆ ಬಾಗಿಲು ತೆರೆಯಲಿಲ್ಲ. ಅಕ್ಕನ ಊರು ದಾರಿಯಲ್ಲಿ ಸಿಗುತ್ತದೆಂದೇ ಜಂಬಣ್ಣ ಮಾನ್ವಿ ರೂಟು ಬಿಟ್ಟು ಈ ರೂಟು ಕೇಳಿ ಪಡೆದಿದ್ದ. ಮಸರಕಲ್ ಬಂದರೆ ಹತ್ತುವ ಒಂದೊಂದು ಮುಖವನ್ನೂ ಹಂಬಲಿಸಿ ನೋಡುತ್ತಿದ್ದ, ಹೊಸ ಮಷಿನ್ ಬರುವ ತನಕ.

ಈ ಸಲದ ಪಂಚಮಿಯ ಹಿಂದಿನ ದಿನ ಮಸರಕಲ್ಲಿನಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತಳು. ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಜಂಬಣ್ಣ ಮಷಿನ್ ನೋಡುತ್ತಲೇ "ಎಲ್ಲಿಗ್ರಿ?" ಎಂದ. ಅವನು ಎರಡನೇ ಸಲ ಕೇಳಿದ ಮೇಲೆ ಆಕೆ ರಾಯಚೂರು ಎಂದಳು. ಅವನು ಚೀಟಿ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ನಾನಾದರೂ ಕಣ್ಣು ಬಿಟ್ಟಿದ್ದೆನೇ? ಮೊಬೈಲಿನಲ್ಲಿ ಸೀರೆ ನೋಡುತ್ತಿದ್ದೆ. ರಾಯಚೂರಿಗೆ ಟಿಕೆಟ್ ಇದ್ದರೂ ಗಬ್ಬೂರಿನಲ್ಲೇ ಆಕೆ ಎದ್ದು, ಡಬ್ಬಿಯನ್ನು ನನ್ನ ಕೈಗಿಟ್ಟು, ಕಂಡಕ್ಟರಿಗೆ ಕೊಡಲು ಹೇಳಿ ಇಳಿದುಹೋದಳು.

ರಾಯಚೂರಿನಲ್ಲಿ ಬಸ್ಸು ಖಾಲಿಯಾದ ಮೇಲೆ ಕೊಟ್ಟೆ. ಮುಚ್ಚಳದ ಮೇಲೆ ಅವನ ತಾಯಿ ಯಮನಮ್ಮನ ಹೆಸರು ಕೊರೆಸಿತ್ತು. ಒಳಗೆ ಪಂಚಮಿಯ ಎಳ್ಳುಂಡಿ. ಜಂಬಣ್ಣ ಬಸ್ಸಿನ ಮೆಟ್ಟಿಲ ಮೇಲೆ ಕೂತು ಆ ಹೆಸರಿನ ಮೇಲೆ ಬೆರಳಾಡಿಸಿದ.

"ನಮ್ಮಕ್ಕ ರೀ ಮೇಡಂ. ನಾ ಬರೇ ಕೈ ನೋಡೀನಿ."

ಪಕ್ಕದಲ್ಲೇ ಕೂತಿದ್ದರೂ ನಾನು ಅಷ್ಟೂ ನೋಡಿರಲಿಲ್ಲ.

ಮರುದಿನ ರಜೆ ಹಾಕಿ ಮಸರಕಲ್ಲಿಗೆ ಹೋದನಂತೆ. ಬಂಡೆಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಇವನ ನೆರಳು ಮೊರದ ಮೇಲೆ ಬಿತ್ತು. ಆಕೆ ತಲೆ ಎತ್ತಲಿಲ್ಲ.

"ಎಲ್ಲಿಗ್ರಿ?" ಎಂದಳು.

ಜಂಬಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ನಿನ್ನ ಮಾರಿ ನೋಡಾಕ ಬಂದೀನಿ, ಯಕ್ಕಾ."

ಆಕೆ ಜೋಳದಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. ಕಲ್ಲೆಲ್ಲ ಮುಗಿದ ಮೇಲೂ ಹುಡುಕಿದಳು. ಅಂದು ತಾಯಿಯ ಹೆಣದ ಮುಂದೆ ಅಕ್ಕನಿಗಾಗಿ ಒಂದು ತಾಸು ಕಾಯದವನು, ಆಕೆ ತಲೆ ಎತ್ತುವ ತನಕ ಮೂರು ತಾಸು ಕಾದ.