ಕಡ್ಡಿ ಯಾರ ಕೈಲಿ

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಇಕ್ತಾಳೆ ಅಂತ ನನ್ನ ಬೈದೋರು ಬೇಕಾದಷ್ಟು ಜನ. ಬೈಕೊಳ್ಳಲಿ. ಹರದನಹಳ್ಳಿ ಸುತ್ತಮುತ್ತ ಅರಿಶಿನ ಬೇಯಿಸೋ ಹೆಂಗಸರ ಗುಂಪಿಗೆ ನಾನು ಮೇಸ್ತ್ರಿ. ಹೊಸದಾಗಿ ಬಂದವಳಿಗೆ ಸೌದೆ ಎಷ್ಟು ಇಡಬೇಕು, ಹಬೆ ಎದ್ದಾಗ ಮುಖ ಯಾವ ಕಡೆ ತಿರುಗಿಸಬೇಕು ಅಂತ ಒಂದೊಂದೂ ಹೇಳ್ತೀನಿ, ತಪ್ಪಿದರೆ ಗದರ್ತೀನಿ. ಗುಂಪಿನ ಹಿರಿಯಕ್ಕನಿಗೆ ಒಂದು ಮಾತೂ ಹೇಳಲ್ಲ. ಹೇಳಿದರೆ ಅವಳು ಹೊರೆ ಬಿಸಾಕಿ ಮನೆಗೆ ಹೋಗ್ತಾಳೆ, ಹೋಗಬೇಕಾದ್ದೇ. ಎಲ್ಲರಿಗೂ ಒಂದೇ ಅಳತೆ ರವಿಕೆ ಹೊಲಿಸೋಕಾಗುತ್ತಾ?

ನನಗೆ ತಲೆನೋವಾಗಿದ್ದವಳು ಇವರಿಬ್ಬರ ನಡುವಿನವಳು. ಕೆಲಸ ಪೂರ್ತಿ ಬಲ್ಲಳು, ಧೈರ್ಯ ಮಾತ್ರ ಇಲ್ಲ. ಕೊಪ್ಪರಿಗೆಯೊಳಗೆ ಕಡ್ಡಿ ಚುಚ್ಚಿ ಅರಿಶಿನ ಬೆಂದಿದೆಯಾ ಅಂತ ನೋಡೋದು ನಮ್ಮಲ್ಲಿ ಒಬ್ಬಳದೇ ಕೆಲಸ. ಕಡ್ಡಿ ಹಿಡಿದವಳು "ಇಳ್ಸಿ" ಅಂದರೆ ಉಳಿದವರು ಬೆಂಕಿ ಎಳೀಬೇಕು, ಎದುರು ಮಾತಿಲ್ಲ. ಬೇಗ ಇಳಿಸಿದರೆ ಒಳಗೆ ಹಸಿ ಉಳಿಯುತ್ತೆ, ಹೆಚ್ಚು ಬೆಂದರೆ ಬಣ್ಣ ಕೆಡುತ್ತೆ, ಬೆಳೆದವನ ವರ್ಷದ ದುಡಿಮೆ ಹೋಯ್ತು. ಕಡ್ಡಿ ಕೊಟ್ಟಾಗಲೆಲ್ಲ ಈ ನಡುವಿನವಳು ಚುಚ್ಚಿ ನನ್ನ ಮುಖ ನೋಡೋಳು. "ಆಯ್ತಾ ಅಕ್ಕ?" ನಾನು ಪಕ್ಕದಲ್ಲಿ ನಿಂತಿರೋವರೆಗೂ ಇವಳು ಕೇಳ್ತಾನೇ ಇರ್ತಾಳೆ ಅಂತ ಗೊತ್ತಾಯ್ತು.

ಹೋದ ಸುಗ್ಗೀಲಿ ಒಂದು ತೋಟದಲ್ಲಿ ಕಡ್ಡಿ ಅವಳ ಕೈಗಿಟ್ಟು, ಬದುವಿನ ಮೇಲೆ ಹೋಗಿ ಕೂತು ಎಲೆ ಅಡಿಕೆ ಹಾಕ್ಕೊಂಡೆ. ತೋಟದ ಯಜಮಾನರು ಬಿರಬಿರನೆ ಬಂದರು.

"ಏನಮ್ಮಿ, ನಿನ್ನ ನಂಬಿ ಬೆಳೆ ಕೊಟ್ರೆ ಕಡ್ಡಿ ಅವಳ ಕೈಗೆ ಕೊಟ್ಬುಟ್ಟು ಇಲ್ಲಿ ಕುಂತಿದ್ದೀಯಲ್ಲ. ಕೆಟ್ರೆ ಮಿಕ್ಕಿದ್ದುನ್ನ ಸಂತೆಮರಹಳ್ಳಿ ಗುಂಪು ಕರ್ಸಿ ಬೇಯಿಸ್ತೀನಿ."

"ಕರ್ಸ್ಕಳಿ ಯಜಮಾನ್ರೆ. ಈ ಕೊಪ್ಪರಿಗೆಗೆ ಅವಳೇ ಮೇಸ್ತ್ರಿ."

ಬಾಯೇನೋ ಜೋರಿತ್ತು, ಕಣ್ಣು ಮಾತ್ರ ಕೊಪ್ಪರಿಗೆ ಬಿಟ್ಟು ಕದಲಲಿಲ್ಲ. ಆ ತೋಟ ಕೈ ತಪ್ಪಿದರೆ ಇನ್ನೊಂದು ತೋಟ ಸಿಗುತ್ತೆ. ಆದರೆ ತನ್ನಿಂದಲೇ ತಪ್ಪಿತು ಅಂತಾದರೆ ಅವಳು ಈ ಜನ್ಮದಲ್ಲಿ ಮತ್ತೆ ಕಡ್ಡಿ ಮುಟ್ಟಲ್ಲ.

ನೊರೆ ಎದ್ದಿತು, ವಾಸನೆ ಬಂತು. ನನಗೂ ಬೆಂದಿದೆ ಅನ್ನಿಸ್ತು. ಯಜಮಾನರು ಇಳ್ಸು ಇಳ್ಸು ಅಂತ ಸುತ್ತ ತಿರುಗ್ತಿದ್ದರು. ಅವಳು ಚುಚ್ಚಿ ನೋಡಿ "ಇನ್ನೂ ಇಲ್ಲ" ಅಂದಳು. ನನ್ನ ಕೈಲಿ ತಡೆಯೋಕಾಗಲಿಲ್ಲ. ಎದ್ದು ಹೋಗಿ ಕಡ್ಡಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಓಗಿ ಕುಂತ್ಕ ಅಕ್ಕ. ಆದಾಗ ನಾನೇ ಯೋಳ್ತೀನಿ."

ಅಷ್ಟು ಜನರ ಮುಂದೆ ಅಂದುಬಿಟ್ಟಳು. ಸಿಟ್ಟು ಬರಬೇಕಿತ್ತು, ಬಂದದ್ದು ಅಳು, ಅದೂ ಸಂತೋಷಕ್ಕೆ. ಬದುವಿಗೆ ವಾಪಸ್ ಹೋಗದೆ ಒಲೆ ಮುಂದೆ ಹೊಸಬಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅವಳು "ಇಳ್ಸಿ" ಅಂದ ತಕ್ಷಣ ಮೊದಲ ಕೊಳ್ಳಿ ಎಳೆದವಳು ನಾನೇ.

ಯಜಮಾನರು ಒಂದು ಅರಿಶಿನದ ಕೊಂಬು ಮುರಿದು ನೋಡಿದರು. ಒಳಗೆಲ್ಲ ಒಂದೇ ಬಣ್ಣ. ನನ್ನ ದಾಟಿ ಹೋಗಿ ಅವಳನ್ನ ಕೇಳಿದರು.

"ನಾಳೆ ಎಷ್ಟೊತ್ಗೆ ಬತ್ತೀರಮ್ಮಿ?"

ಅವಳು ನನ್ನ ಕಡೆ ತಿರುಗದೆ ಹೊತ್ತು ಹೇಳಿದಳು.