ಹೂಮಳೆಗೆ ಮಾತ್ರ ಹಾಕುವ ಹಾಡು

ನಮ್ಮಪ್ಪನಷ್ಟು ಹಟಮಾರಿ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ, ನನ್ನೊಬ್ಬಳನ್ನು ಬಿಟ್ಟು. ಬಿಟ್ಟಂಗಾಲದ ಹತ್ತಿರದ ಒಂದು ಕಾಫಿ ತೋಟದಲ್ಲಿ ಅವರು ರೈಟರು. ಆಳುಗಳ ಹಾಜರಿ ಹಾಕುವುದು, ಹಣ್ಣಿನ ಚೀಲ ತೂಗಿಸುವುದು, ಆಫೀಸಿನ ಅಂಗಳದಲ್ಲಿಟ್ಟ ಡಬ್ಬಿಯಲ್ಲಿ ಎಷ್ಟು ಮಳೆ ಬಿತ್ತೆಂದು ಅಳೆಯುವುದು ಅವರ ಕೆಲಸ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷವಾಗುತ್ತ ಬಂದಿದ್ದರೂ, ನಮ್ಮ ಸರ್ಕಾರ ನಮ್ಮ ಮಡಿಕೇರಿಯಲ್ಲೇ ಇತ್ತು ಎಂದು ಗೊಣಗುವವರು ಇನ್ನೂ ಗೊಣಗುತ್ತಿದ್ದ ಕಾಲ ಅದು.

ಹಡಗಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಮ್ಮೆ ರಜೆಗೆ ಬಂದವರು ಬ್ಯಾಟರಿ ಹಾಕಿದರೆ ತಿರುಗುವ ಒಂದು ರೆಕಾರ್ಡ್ ಪ್ಲೇಯರನ್ನೂ ಎರಡು ಪುಟ್ಟ ರೆಕಾರ್ಡುಗಳನ್ನೂ ತಂದುಕೊಟ್ಟರು. ಎರಡೂ ಅಮೆರಿಕದ ಕಪ್ಪು ಜನರ ಹಾಡು. ಇದಕ್ಕೆ ಸೋಲ್ ಮ್ಯೂಸಿಕ್ ಅಂತಾರೆ, ಅಲ್ಲಿ ಇದನ್ನು ಕೇಳಿ ಜನ ಹುಚ್ಚಾಗ್ತಾರೆ ಎಂದರು. ನಾವು ಆಗಲಿಲ್ಲವೇ? ಮೊದಲನೆಯದು ತುತ್ತೂರಿ, ಡ್ರಮ್ಮು, ಚಪ್ಪಾಳೆ ಎಲ್ಲ ಸೇರಿದ ಕುಣಿಯುವ ಹಾಡು. ಅದನ್ನು ನಾವು ಬಿಟ್ಟೂಬಿಡದೆ ಹಾಕಿದೆವು. ಅಕ್ಕಿ ಆರಿಸುವಾಗ ಹಾಕಿದೆವು, ಕೋಳಿ ಪುಕ್ಕ ಕೀಳುವಾಗ ಹಾಕಿದೆವು. ಭಾನುವಾರ ಆಳುಗಳ ಲೈನುಮನೆಯ ಮಕ್ಕಳೆಲ್ಲ ಅಂಗಳಕ್ಕೆ ಬಂದು ಅದಕ್ಕೆ ತಮಿಳು, ಮಲಯಾಳ, ತುಳು ಎಲ್ಲ ಬೆರೆಸಿ ಹಾಡುತ್ತಿದ್ದವು. ಕೊನೆಕೊನೆಗೆ ಅಮ್ಮ ಅದನ್ನು ಹಾಕಿ ಮೊಟ್ಟೆ ಬೇಯಿಸತೊಡಗಿದರು. ಒಂದು ಹಾಡಿಗೆ ಅರೆಬೆಂದ ಮೊಟ್ಟೆ, ಮೂರು ಹಾಡಿಗೆ ಗಟ್ಟಿ ಮೊಟ್ಟೆ.

ಒಂದು ಸಂಜೆ ಅಪ್ಪ ಮನೆಗೆ ಬಂದಾಗ ಹಾಡು ಯಾವಾಗಲೋ ಮುಗಿದು ಮುಳ್ಳು ಬರಿದೇ ಕರಕರ ಎನ್ನುತ್ತಿತ್ತು. ಅಮ್ಮ, ಅಕ್ಕ, ನಾನು ಮೂವರೂ ಅಲ್ಲೇ ಕೂತಿದ್ದೆವು. ಒಬ್ಬರಿಗೂ ಗೊತ್ತಾಗಿರಲಿಲ್ಲ.

"ಮುಗೀತು ಇದರ ಕತೆ! ಹಾಡನ್ನ ಮೊಟ್ಟೆ ಬೇಯ್ಸಿ ಬೇಯ್ಸಿ ಕೊಂದ್ರಲ್ರೇ!" ಎಂದರು ಅಪ್ಪ.

ಎರಡನೆಯ ರೆಕಾರ್ಡನ್ನು ಆಗಿನ್ನೂ ಒಂದೇ ಸಲ ಕೇಳಿದ್ದೆವು. ಅದು ನಿಧಾನದ ಹಾಡು. ಒಬ್ಬ ಹೆಂಗಸು ಹಾಡುತ್ತಾಳೆ. ಏನು ಹೇಳುತ್ತಾಳೋ ನಮಗೆ ತಿಳಿಯುತ್ತಿರಲಿಲ್ಲ, ಆಫೀಸಿನ ಇಂಗ್ಲಿಷು ಬರುತ್ತಿದ್ದ ಅಪ್ಪನಿಗೂ ತಿಳಿಯುತ್ತಿರಲಿಲ್ಲ. ಮೊದಲು ಮೆಲ್ಲಗೆ ಕೇಳಿಕೊಳ್ಳುತ್ತಾಳೆ, ಆಮೇಲೆ ಜೋರಾಗಿ ಕೇಳುತ್ತಾಳೆ, ಆಮೇಲೆ ಜಗಳಕ್ಕೇ ನಿಲ್ಲುತ್ತಾಳೆ. ಕೊನೆಯ ಸಾಲಿಗೆ ಮುಂಚೆ ಎಲ್ಲವೂ ಒಮ್ಮೆಗೇ ನಿಂತುಬಿಡುತ್ತದೆ. ಡ್ರಮ್ಮಿಲ್ಲ, ಏನಿಲ್ಲ. ಸತ್ತೇಹೋದಳೋ ಎಂದು ನಾವು ಉಸಿರು ಹಿಡಿದಿರುವಾಗ ಅವಳ ದನಿ ಒಂಟಿಯಾಗಿ ವಾಪಸು ಬರುತ್ತದೆ. ಆ ನಿಲ್ಲುವ ಜಾಗದಲ್ಲಿ ಅಕ್ಕ ನನ್ನ ಮಣಿಕಟ್ಟನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು.

ಅಪ್ಪ ಆ ರೆಕಾರ್ಡನ್ನು ಅಮ್ಮನ ಧಾರೆಸೀರೆಯ ಮಡಿಕೆಯೊಳಗಿಟ್ಟು ಟ್ರಂಕಿಗೆ ಬೀಗ ಹಾಕಿ ಶಾಸನ ಹೊರಡಿಸಿದರು. ಇದನ್ನು ಹಾಕುವುದು ವರ್ಷಕ್ಕೆ ಒಂದೇ ದಿನ, ಹೂಮಳೆ ಬಿದ್ದ ದಿನ. ಬೇಸಿಗೆಯಲ್ಲಿ ಬರುವ ಆ ಮೊದಲ ಒಳ್ಳೆ ಮಳೆ ಬಿದ್ದರೆ ತಾನೇ ಕಾಫಿ ಹೂ ಬಿಡುವುದು? ಅವತ್ತು ತೋಟದ ಮಾಲೀಕರೂ ನಗುತ್ತಾರೆ, ಅಪ್ಪನೂ ಬೇಗ ಮನೆಗೆ ಬರುತ್ತಾರೆ. ತುಂತುರು ಗಿಂತುರು ಲೆಕ್ಕಕ್ಕಿಲ್ಲ, ಡಬ್ಬಿಯಲ್ಲಿ ಒಂದು ಇಂಚು ಇರಬೇಕು.

ಬೈದುಕೊಂಡೇ ಒಪ್ಪಿದೆವು. ಆದರೆ ಸುಳ್ಳು ಯಾಕೆ ಹೇಳಲಿ, ಅದೇನು ಸುಖ ಅಂತೀರಿ! ವರ್ಷವಿಡೀ ಮನಸ್ಸಿನಲ್ಲೇ ಹಾಡಿಕೊಂಡು ಅರ್ಧ ಮರೆತಿರುತ್ತಿದ್ದ ಹಾಡು ಆ ಸಂಜೆ ಒದ್ದೆ ಮಣ್ಣಿನ ವಾಸನೆಯ ಜೊತೆ ಬಂದು ಕೂತರೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮೂಲೆ ಗೋಡೆಗೆ ಒರಗಿ ಅಕ್ಕ, ಅವಳಿಗೆ ಒರಗಿ ನಾನು. ಎರಡು ವರ್ಷ ಹಾಗೇ ನಡೆಯಿತು.

ಮೂರನೇ ವರ್ಷ ಅಕ್ಕನ ಮದುವೆ ಗೊತ್ತಾಯಿತು. ಗಂಡು ಕುಶಾಲನಗರದ ಆಚೆ, ಹಾರಂಗಿ ಹೊಳೆಯ ಕಡೆಯ ಮೇಷ್ಟ್ರು. ಆಗ ಅಲ್ಲಿ ಅಣೆಕಟ್ಟಿರಲಿಲ್ಲ, ಬರೀ ಹೊಳೆ, ಗದ್ದೆ, ಬಿಸಿಲು. ಕಾಫಿ ಇಲ್ಲದ ಊರು. ಮದುವೆ ಹತ್ತಿರ ಬಂತು, ಮಳೆ ಬರಲಿಲ್ಲ.

"ಅಪ್ಪಾ, ಹೋಗೋಕ್ ಮುಂಚೆ ಒಂದ್ಸಲ ಹಾಕಿ" ಎಂದಳು ಅಕ್ಕ. ಏನನ್ನೂ ಬೇಡುವ ಹುಡುಗಿಯಲ್ಲ ಅವಳು.

"ಮಳೆ ಬರ್ಲಿ ಮಗಳೇ."

"ಮಳೆ ಏನ್ ನನ್ನ ಲಗ್ನಪತ್ರಿಕೆ ನೋಡ್ಕೊಂಡು ಬರ್ತದಾ?"

"ಇವತ್ತು ನಿಂಗೆ ಅಂತ ಹಾಕ್ತೀವಿ, ನಾಳೆ ಇವ್ಳಿಗೆ ಅಂತ ಹಾಕ್ತೀವಿ. ಆಮೇಲೆ ಅದೂ ಮೊಟ್ಟೆ ಹಾಡೇ ಆಗ್ತದೆ." ಅಪ್ಪ ಎದ್ದು ಆಫೀಸಿಗೆ ಹೋದರು.

ನಾನು ಬಿಡುತ್ತೇನೆಯೇ? ಪಕ್ಕದ ದೊಡ್ಡ ತೋಟದವರು ಆ ವರ್ಷ ಕೆರೆಗೆ ಇಂಜಿನ್ ಇಟ್ಟು ಸ್ಪ್ರಿಂಕ್ಲರ್ ತಿರುಗಿಸಿದ್ದರು. ಅದರ ನೀರು ಬೇಲಿ ದಾಟಿ ನಮ್ಮ ಕಡೆಯ ಒಂದು ಸಾಲು ಗಿಡಕ್ಕೂ ಹಾರಿ, ಆ ಸಾಲು ಮಾತ್ರ ಬೆಳ್ಳಗೆ ಹೂ ಬಿಟ್ಟಿತ್ತು. ಒಂದು ಗೆಲ್ಲು ಮುರಿದು ತಂದು ಅಪ್ಪನ ಮುಂದೆ ಹಿಡಿದೆ.

"ನೋಡಿ, ನಮ್ಮ ತೋಟದ್ದೇ ಹೂವು. ಹೂವು ಬಂತು ಅಂದ್ರೆ ಹೂಮಳೆ ಬಂತು ಅಂತಲೇ ಅರ್ಥ. ತೆಗೀರಿ ಟ್ರಂಕು."

"ಅಯ್ಯೋ, ಗೆಲ್ಲೇ ಮುರ್ಕೊಂಡ್ ಬಂದ್ಯಾ! ಪೈಪಿನ್ ನೀರೂ ಒಂದ್ ಮಳೆಯಾ? ಡಬ್ಬೀಲಿ ಏನದೆ ಹೋಗಿ ನೋಡು. ಧೂಳದೆ!"

ಅವತ್ತಿನಿಂದ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಎದುರಿಗೇ ಕೂತಿದ್ದರೂ "ಅಮ್ಮಾ, ರೈಟರಿಗೆ ಹೇಳಿ, ಕಾಫಿ ಆರ್ತಾ ಅದೆ ಅಂತ" ಎನ್ನುತ್ತಿದ್ದೆ. ಅಪ್ಪನೂ ಕಮ್ಮಿಯೇ? "ಕುಡ್ದಾಯ್ತು ಅಂತ ಹೇಳು ನಿನ್ ಮಗಳಿಗೆ" ಎನ್ನುತ್ತಿದ್ದರು. ಮದುವೆ ಒಣಬಿಸಿಲಿನಲ್ಲೇ ಮುಗಿಯಿತು. ಜೀಪು ಹತ್ತುವಾಗ ಅಕ್ಕ ಒಮ್ಮೆ ಆಕಾಶ ನೋಡಿದಳು. ನನಗೆ ಕೆಂಡದಂಥ ಸಿಟ್ಟು ಬಂತು, ಅಪ್ಪನ ಮೇಲೂ, ಆಕಾಶದ ಮೇಲೂ.

ವಾರವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಗುಡುಗಿ ಸುರಿಯಿತು ನೋಡಿ, ಹಾಳಾದ್ದು! ಅಪ್ಪ ಆಫೀಸಿನಿಂದ ಓಡಿಕೊಂಡೇ ಬಂದರು. "ಒಂದಿಂಚಿನ ಮೇಲೆ ಅದೆ!" ಎಂದು ಗೇಟಿನಿಂದಲೇ ಕೂಗಿದರು. ಟ್ರಂಕು ತೆರೆದದ್ದಾಯಿತು, ರೆಕಾರ್ಡಿಗೆ ಅಂಟಿದ ನುಸಿಗುಳಿಗೆಯ ವಾಸನೆ ಒರೆಸಿದ್ದಾಯಿತು. ಮಾತು ಬಿಟ್ಟವಳಾದರೂ ನಾನು ಬಂದು ನನ್ನ ಜಾಗದಲ್ಲಿ ಕೂತೆ. ಒರಗಲು ಹೋದರೆ ಪಕ್ಕದಲ್ಲಿ ಬರೀ ಗೋಡೆ.

ರೆಕಾರ್ಡು ತಿರುಗುತ್ತಿತ್ತು. ಅಪ್ಪ ಮುಳ್ಳಿನ ಕೈಯನ್ನು ಎತ್ತಿ ಹಿಡಿದವರು ಹಾಗೇ ನಿಂತರು.

"ಬ್ಯಾಟರಿ ಹೋಗ್ತದೆ ರೀ" ಎಂದರು ಅಮ್ಮ.

ಅಪ್ಪ ಮುಳ್ಳನ್ನು ವಾಪಸು ಅದರ ಜಾಗಕ್ಕಿಟ್ಟು ಗುಂಡಿ ತಿರುಗಿಸಿ ಆರಿಸಿದರು. "ಕೇಳೋ ಕಿವಿ ಒಂದ್ ಜೊತೆ ಕಮ್ಮಿ ಅದೆ" ಎಂದರು. ಆಮೇಲೆ, "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊರಡೋದು."

"ಮದ್ವೆಯಾಗಿ ವಾರ ಆಗಿಲ್ಲ, ಕರೀದೆ ಬೀಗರ ಮನೆಗೆ ಹಾಡಿನ ಪೆಟ್ಟಿಗೆ ಹೊತ್ಕೊಂಡು ಹೋಗೋದಾ? ಏನಂದ್ಕೊಂಡಾರು!" ಎಂದು ಅಮ್ಮ ಹಣೆ ಚಚ್ಚಿಕೊಂಡರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಕೂತವರೂ ಅವರೇ.

ವಿರಾಜಪೇಟೆ, ಮಡಿಕೇರಿ, ಅಲ್ಲಿಂದ ಕುಶಾಲನಗರ. ಪೆಟ್ಟಿಗೆ ಅಪ್ಪನ ತೊಡೆಯ ಮೇಲೆ, ರೆಕಾರ್ಡು ಅವರ ಕೋಟಿನೊಳಗೆ ಎದೆಗೊತ್ತಿ. "ಏನ್ ಸಾರ್ ಅದು, ಕೋಳಿಯಾ?" ಎಂದ ಕಂಡಕ್ಟರ್. "ಅಲ್ಲ, ಹೆಂಗಸು" ಎಂದುಬಿಟ್ಟರು ಅಪ್ಪ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನನಗೆ ನಗು ತಡೆಯಲಾಗದೆ ಅಲ್ಲಿಗೆ ಮಾತು ಬಿಟ್ಟದ್ದು ಮುಗಿಯಿತು.

ಅಕ್ಕ ಅಕ್ಕಿಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹೇಳದೆ ಕೇಳದೆ ಬಂದ ಮೂವರನ್ನೂ ನೋಡಿ ಅವಳ ಮುಖ ಬಿಳುಚಿತು. "ಏನಾಯ್ತಪ್ಪಾ?"

"ಮಳೆ ಬಂತು" ಎಂದರು ಅಪ್ಪ.

ಅಕ್ಕ ಬಾಗಿಲು ಹಿಡಿದು ನಿಂತುಬಿಟ್ಟಳು. ಅವಳ ಅತ್ತೆ ಒಳ್ಳೆಯ ಹೆಂಗಸು, ಆದರೆ ಸುಮ್ಮನಿರಬೇಕಲ್ಲ! "ಮಳೆಯಾ? ಎಲ್ ಬಂತು ರೈಟರೇ? ಇಲ್ಲಿ ಒಂದ್ ಹನಿ ಕಂಡಿಲ್ಲ" ಎಂದು ಅಂಗಳ ತೋರಿಸಿದರು. ಅಂಗಳ ನಿಜಕ್ಕೂ ಒಣಗಿ ಬಾಯಿ ಬಿಟ್ಟಿತ್ತು. ಶಾಸನದ ಮನುಷ್ಯ, ಪೆಟ್ಟಿಗೆ ಎತ್ತಿಕೊಂಡು ಹೊರಟರೂ ಹೊರಟರೇ!

ಅಪ್ಪ ಅಂಗಳವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಜಗಲಿಯ ಮೇಲೆ ಕೂತು ಪೆಟ್ಟಿಗೆಯ ಮುಚ್ಚಳ ತೆರೆದರು.

"ಮಳೆ ಮನೇಲಿ ಬಿದ್ದದೆ ಕಣಮ್ಮ" ಎಂದರು. "ಇವಳ ಮನೇಲಿ."

ಹಾಡು ಶುರುವಾಯಿತು. ಅಕ್ಕ ಗೋಡೆಗೆ ಒರಗಿದಳು, ನಾನು ಅವಳಿಗೆ ಒರಗಿದೆ. ಎಲ್ಲವೂ ನಿಲ್ಲುವ ಜಾಗ ಬಂತು, ಹಿಟ್ಟು ಮೆತ್ತಿದ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. "ಅಯ್ಯೋ, ಇಷ್ಟೇನಾ?" ಎಂದರು ಅಕ್ಕನ ಅತ್ತೆ. "ಶ್!" ಎಂದೆವು ನಾವು ನಾಲ್ವರೂ ಒಟ್ಟಿಗೆ, ಬೀಗರು ಎನ್ನುವುದನ್ನೂ ಮರೆತು. ದನಿ ವಾಪಸು ಬಂತು. ಅಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಹೊರಡುವಾಗ ಅವಳು, "ರೆಕಾರ್ಡು ಇಲ್ಲೇ ಇಟ್ಟುಹೋಗಿ ಅಪ್ಪಾ" ಎಂದಳು.

"ಇಲ್ಲಿಟ್ರೆ ನೀನು ದಿನಾ ಹಾಕ್ತೀಯ. ನನ್ ಹತ್ರ ಇದ್ರೆ ನಾನು ವರ್ಷಾ ವರ್ಷಾ ಬರ್ಬೇಕಾಗ್ತದೆ."

ಅಕ್ಕ ಒಳಗೆ ಹೋದವಳು ತುಸು ಹೊತ್ತು ಬರಲಿಲ್ಲ. ಅಡುಗೆಮನೆಯಿಂದ ಆ ಸತ್ತುಹೋದ ಹಾಡು, ನಮ್ಮ ಮೊಟ್ಟೆ ಹಾಡು, ಗುನುಗುವುದು ಕೇಳಿಸುತ್ತಿತ್ತು. ದಾರಿಗೆಂದು ಬಾಳೆಲೆಯಲ್ಲಿ ಮೊಟ್ಟೆ ಕಟ್ಟಿ ತಂದಳು.

"ಎಷ್ಟು ಹಾಡು ಬೇಯ್ಸಿದೀಯ?" ಎಂದು ಕೇಳಿದರು ಅಪ್ಪ.

"ಮೂರು."

ಬಸ್ಸಿನಲ್ಲಿ ಅಪ್ಪ ಒಂದು ಮೊಟ್ಟೆ ಸುಲಿದು ಬಾಯಿಗಿಟ್ಟುಕೊಂಡು, "ಸರಿಯಾಗಿ ಬೆಂದದೆ" ಎಂದರು. ಆಮೇಲೆ ಮಡಿಕೇರಿ ಬರುವವರೆಗೂ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಕೂತಿದ್ದರು.